ಅಧಿಕ ಮಾಸದ ಪಾಳಿ

ಮುನವಳ್ಳಿ
೧೯ ಜನವರಿ ೧೯೨೮

ಬೈಲಹೊಂಗಲದ ಅರಳೆ ದಲಾಲ ಕಾಡಪ್ಪನವರಿಗೆ ಮುನವಳ್ಳಿಯ ನಿಜಗುಣಪ್ಪನ ಶರಣು ಶರಣಾರ್ಥಿ.

ಧಾರವಾಡದಿಂದ ಮೊನ್ನೆ ಸಂಜೆ ಬಂದು ಮುಟ್ಟಿದೆ. ಸವದತ್ತಿ ಸಾಲಿಯಲ್ಲಿ ಒಂದೇ ಮಣೆಯ ಮೇಲೆ ಕೂತಾಗ ನಿಮ್ಮನ್ನು ‘ಲೇ ಕಾಡಾ’ ಎಂದು ಕರೆಯುತ್ತಿದ್ದೆ. ನನ್ನ ರಾಚವ್ವನನ್ನು ನಿಮ್ಮ ಶಂಕ್ರೆಪ್ಪನಿಗೆ ಕೊಟ್ಟ ಮೇಲೆ ನಮ್ಮಿಬ್ಬರ ನಡುವೆ ‘ನೀವು’ ಬಂದು ಕೂತಿದೆ. ಬೀಗತನ ಎಂದರೆ ಹೀಗೇ ಇರಬೇಕು. ಇದ್ದ ಗೆಳೆತನಕ್ಕೆ ರುಮಾಲು ಸುತ್ತಿ ಚಾವಡಿಯಲ್ಲಿ ಕೂಡಿಸಿದ ಹಾಗೆ.

ದೀಪಾವಳಿಯ ಹೊತ್ತಿಗೆ ಮಗಳು ಕೊಡಗಟ್ಟಲೆ ನೀರು ಕುಡಿಯುತ್ತಾಳೆ, ಎಷ್ಟು ಉಂಡರೂ ಇಳಿಯುತ್ತಿದ್ದಾಳೆ ಎಂದು ನೀವು ಬರೆದಾಗ ಯಾರದೋ ದೃಷ್ಟಿ ತಗುಲಿರಬೇಕು ಎಂದುಕೊಂಡಿದ್ದೆವು. ಬೆಲ್ಲದ ವ್ಯಾಪಾರಿಯ ಮಗಳಿಗೆ ಸಿಹಿಯದೇ ರೋಗ ಬರಬಹುದೆಂದು ಯಾರಿಗೆ ಗೊತ್ತಿತ್ತು? ಡಾಕ್ಟರು ಅದನ್ನು ಹೇಳುವಾಗ ನನಗೆ ಅಳು ಬರಲಿಲ್ಲ. ಗೋಡೆಗೆ ಹೊಸದಾಗಿ ಸುಣ್ಣ ಹೊಡೆದಿದ್ದರು. ಒಂದು ಕಡೆ ತೆಳುವಾಗಿತ್ತು. ಅದನ್ನೇ ನೋಡುತ್ತಿದ್ದೆ. ಅವರು ಹೇಳಿದ ಕಡೆಯ ಮಾತು ಮಾತ್ರ ಕಿವಿಯಲ್ಲಿದೆ: “ಇನ್ಸುಲಿನ್ ಸೂಜಿ ದಿನಾ ಎರಡು ಸಲ ಬೀಳಬೇಕರಿ. ಬಿಟ್ಟರ ಹುಡುಗಿ ಉಳಿಯೂದಿಲ್ಲ.”

ಔಷಧ ಧಾರವಾಡದ ಅಂಗಡಿಗಳಲ್ಲಿ ಸಿಗುವುದಿಲ್ಲ, ಮುಂಬಯಿಯಿಂದಲೇ ತರಿಸಬೇಕು. ಎರಡು ತಿಂಗಳ ಔಷಧದ ದುಡ್ಡಿನಲ್ಲಿ ಹಾಲು ಕೊಡುವ ಒಂದು ಆಕಳು ಬರುತ್ತದೆ. ಆಸ್ಪತ್ರೆಯ ಪಡಸಾಲೆಯಲ್ಲಿ ನೀವು ಖರ್ಚೆಲ್ಲ ನಮ್ಮದೇ ಎಂದಿರಿ. ನಿಮ್ಮ ಮನಸ್ಸು ದೊಡ್ಡದು, ಆದರೆ ನಿಮ್ಮ ಮನೆಯಲ್ಲಿ ಅಣ್ಣ ತಮ್ಮಂದಿರು, ಅವರ ಹೆಂಡಿರು ಇದ್ದಾರೆ. ಸೊಸೆಯ ಔಷಧಕ್ಕೆ ಮನೆ ತೊಳೆದುಹೋಯಿತು ಎಂದು ನಾಳೆ ಒಬ್ಬರು ಅಂದರೂ ಅದು ಮಗಳ ಕಿವಿಗೆ ಬೀಳುತ್ತದೆ. ಇನ್ನೊಂದು ವರ್ಷಕ್ಕೆ ಶಂಕ್ರೆಪ್ಪನಿಗೆ ಬೇರೆ ಹೆಣ್ಣು ನೋಡಿರಿ ಎನ್ನುವವರೂ ಹುಟ್ಟುತ್ತಾರೆ. ಅದಕ್ಕೇ ಕೇಳಿಕೊಳ್ಳುತ್ತೇನೆ. ಒಂದು ತಿಂಗಳು ನೀವು ತರಿಸಿರಿ, ಒಂದು ತಿಂಗಳು ನಾನು. ಪಾಳಿಯಂತೆ ನಡೆಯಲಿ. ಇದಕ್ಕೆ ಇಲ್ಲ ಅನ್ನಬೇಡಿರಿ.

ನಮ್ಮ ಮನೆಯಾಕೆ ಕೆಂಚವ್ವ ಮಗಳಿಗೆ ಮೆಂತೆಪಲ್ಲೆ ಒಣಗಿಸಿ ಕಳಿಸಿದ್ದಾಳೆ.

ನಿಮ್ಮ ಬೀಗ
ನಿಜಗುಣಪ್ಪ

*

ಬೈಲಹೊಂಗಲ
೨೨ ಜನವರಿ ೧೯೨೮, ಅಮಾವಾಸ್ಯೆ

ಮುನವಳ್ಳಿಯ ಬೆಲ್ಲದ ನಿಜಗುಣಪ್ಪನವರಿಗೆ ಕಾಡಪ್ಪನ ಶರಣು.

ನಿಮ್ಮ ಕಾಗದ ಓದಿ ನಮ್ಮ ಮನೆಯಾಕೆ ರಾಯವ್ವನಿಗೆ ಹೇಳಿದೆ. ಅವಳು, “ಹೆಣ್ಣಿನ ತಂದಿ ಮನಸ್ಸು. ಹೂಂ ಅನ್ರಿ,” ಎಂದಳು. ಹೂಂ ಎಂದಿದ್ದೇನೆ.

ನಾಳೆ ಹುಟ್ಟುವ ಮಾಘ ನಮ್ಮದು. ಪೆಟ್ಟಿಗೆಯನ್ನು ಆಗಲೇ ತರಿಸಿದ್ದೇನೆ. ಫಾಲ್ಗುಣ ನಿಮ್ಮದು, ಚೈತ್ರ ನಮ್ಮದು. ಹೀಗೆ ಅಮಾವಾಸ್ಯೆಯಿಂದ ಅಮಾವಾಸ್ಯೆಗೆ. ಪಾಳಿ ಯಾರದೋ ಅವರು ಮುಂಬಯಿಗೆ ಮನಿಯಾರ್ಡರ್ ಮಾಡಬೇಕು, ಪೆಟ್ಟಿಗೆ ನನ್ನ ಅಂಗಡಿಯ ಪತ್ತೆಗೆ ಬರಲಿ. ಪಿಚಕಾರಿ, ಸೂಜಿ, ಸ್ಪಿರಿಟ್ಟು ನಮ್ಮ ಮೇಲಿರಲಿ. ಅಷ್ಟಾದರೂ ಗಂಡಿನ ಮನೆಯ ಮರ್ಯಾದೆ ಉಳಿಯಲಿ. ಸೂಜಿ ಚುಚ್ಚುವುದನ್ನು ಶಂಕ್ರೆಪ್ಪ ಕಲಿತಿದ್ದಾನೆ. ಮೊದಲ ದಿನ ಸೂಜಿಯನ್ನು ಎರಡು ಸಲ ತಿರುಗಿ ತಟ್ಟೆಯಲ್ಲಿಟ್ಟ. ನಿಮ್ಮ ಮಗಳೇ ಅವನ ಮಣಿಕಟ್ಟು ಹಿಡಿದು ಚುಚ್ಚಿಸಿಕೊಂಡಳು.

ಒಂದು ಕರಾರು ನನ್ನದೂ ಇದೆ. ಈ ಔಷಧದ ಮಾತು ನಮ್ಮ ಕಾಗದಗಳಲ್ಲಿ ಇನ್ನು ಬರಬಾರದು. ಬಂತೇ, ಕಳಿಸಿದಿರೇ ಎಂದು ಯಾರೂ ಯಾರಿಗೂ ನೆನಪು ಮಾಡಬಾರದು. ನೆನಪು ಮಾಡುವುದು ಸಾಲಗಾರನಿಗೆ. ನಾವು ಬೀಗರು, ಮೇಲಾಗಿ ಒಂದೇ ಮಣೆಯವರು.

ಕಾಡಪ್ಪ

*

ಮುನವಳ್ಳಿ
೩ ಏಪ್ರಿಲ್ ೧೯೨೮

ಕಾಡಪ್ಪನವರಿಗೆ ಶರಣು.

ಯುಗಾದಿಗೆ ನಿಮ್ಮಲ್ಲಿ ಬಂದು ಹೋದವನು ಊರು ಮುಟ್ಟಿದ ಸುದ್ದಿ ಬರೆಯಲು ಇಷ್ಟು ದಿನ ಮಾಡಿದೆ. ಬೈಯಿರಿ, ಅಡ್ಡಿಯಿಲ್ಲ.

ಮಗಳ ಗಲ್ಲ ತುಂಬಿದ್ದನ್ನು ಕೆಂಚವ್ವನಿಗೆ ಹೇಳಿದೆ. ಅವಳು ನಂಬಲಿಲ್ಲ. ಬಳೆ ಎಲ್ಲಿಯವರೆಗೆ ಏರುತ್ತಿದೆ ಎಂದು ಕೇಳಿದಳು. ಮೊಣಕೈಯವರೆಗೆ ಏರುತ್ತಿದ್ದದ್ದು ಈಗ ಮಣಿಕಟ್ಟಿನ ಹತ್ತಿರವೇ ನಿಂತಿದೆ ಎಂದೆ. ಅದಕ್ಕೆ ನಂಬಿದಳು. ಹಬ್ಬದ ದಿನ ಎಲ್ಲರೂ ಬೇವು ಬೆಲ್ಲ ತಿನ್ನುವಾಗ ರಾಚವ್ವ ಬರಿಯ ಬೇವು ಬಾಯಿಗೆ ಹಾಕಿಕೊಂಡು, “ಅಪ್ಪಾ, ನಿಮ್ಮ ಅಂಗಡಿಗೆ ನನ್ನಿಂದ ನುಕಸಾನ ಆತು ನೋಡ್ರಿ,” ಎಂದು ನಕ್ಕಳಲ್ಲ, ಆಗ ನಾನೂ ನಕ್ಕೆ. ಗಾಡಿ ಹತ್ತಿದ ಮೇಲೆ ಆ ನಗು ಮುಖದ ಮೇಲೆ ಹಾಗೇ ಉಳಿದಿತ್ತು. ಅದನ್ನು ಇಳಿಸುವುದು ನನಗೆ ನೆನಪಾಗಲಿಲ್ಲ.

ಔಷಧದ ಗಡಿಗೆ ಇಟ್ಟ ಜಾಗ ಚೆನ್ನಾಗಿದೆ. ಹಸಿ ಉಸುಕು, ಮೇಲೆ ಒದ್ದೆ ಅರಿವೆ, ಬಿಸಿಲು ಬರದ ಮೂಲೆ. ಇಷ್ಟು ಬರೆದದ್ದು ಕರಾರಿಗೆ ವಿರುದ್ಧವಾದರೆ ಮಾಫಿ ಇರಲಿ. ನಾನು ಗಡಿಗೆಯನ್ನು ಹೊಗಳಿದ್ದು, ಒಳಗಿನದನ್ನು ಅಲ್ಲ.

ನಿಜಗುಣಪ್ಪ

*

ಬೈಲಹೊಂಗಲ
೮ ಜುಲೈ ೧೯೨೮

ನಿಜಗುಣಪ್ಪನವರಿಗೆ ಶರಣು.

ಮಳೆ ಹಿಡಿದಿದೆ. ಪೇಟೆಯಲ್ಲಿ ಕೆಲಸವಿಲ್ಲ. ಅಂಗಡಿಯಲ್ಲಿ ಕೂತು ನೊಣ ಹೊಡೆಯುತ್ತಿದ್ದೇನೆ.

ಹೋದ ವಾರ ಮುಂಬಯಿಯ ಯಾವುದೋ ವಿಮಾ ಕಂಪನಿಯ ಏಜಂಟ ಬಂದಿದ್ದ. ಕೋಟು, ಬೂಟು, ಮಾತು ಎಲ್ಲವೂ ಇಸ್ತ್ರಿ ಮಾಡಿದ್ದು. ಮನೆಯಲ್ಲಿ ಯಾರ ಜೀವಕ್ಕೆ ವಿಮೆ ಇಳಿಸೋಣ ಎಂದ. ಸೊಸೆಯದು ಮಾಡು ಎಂದೆ. ರೋಗದ ಹೆಸರು ಕೇಳಿದ ಮೇಲೆ ಚೀಲ ಕಟ್ಟಿಕೊಂಡು ಎದ್ದ. ಗಟ್ಟಿಮುಟ್ಟಾದವರಿಗೆ ಮಾತ್ರವಂತೆ. ಹಾಗಾದರೆ ಕೊಡೆಯನ್ನು ನೀವು ಬೇಸಿಗೆಯಲ್ಲಷ್ಟೇ ಮಾರುತ್ತೀರೇನು ಎಂದೆ. ಚಹಾ ಕೂಡ ಕುಡಿಯದೆ ಹೋದ. ನಮ್ಮ ವಿಮೆ ನಾವೇ ಮಾಡಿಕೊಂಡದ್ದು ಒಳ್ಳೆಯದಾಯಿತು.

ಈ ಅಮಾವಾಸ್ಯೆ ಕಳೆದರೆ ಅಧಿಕ ಶ್ರಾವಣ. ಮದುವೆಯಾದ ಮೇಲೆ ನಿಮ್ಮ ಅಳಿಯನಿಗೆ ಇದು ಮೊದಲ ಅಧಿಕ ಮಾಸ. ವಾಡಿಕೆಯಂತೆ ಮೂವತ್ತಮೂರು ಅಕ್ಕಿ-ಬೆಲ್ಲದ ಅನಾರಸದ ಹರಿವಾಣ ಮುನವಳ್ಳಿಯಿಂದ ಬರದಿದ್ದರೆ ಬೈಲಹೊಂಗಲದ ಅಗಸೆ ಬಾಗಿಲಲ್ಲಿ ಡಂಗುರ ಹೊಡೆಸಿ ನಿಮ್ಮ ಹೆಸರು ಸಾರಿಸುತ್ತೇನೆ. ಬೆಲ್ಲದವರ ಮನೆಯ ಅನಾರಸ ಹೇಗಿರುತ್ತದೆ ಎಂದು ನಮ್ಮ ಓಣಿಯೆಲ್ಲ ಕಾದಿದೆ.

ಈ ಸಲ ಅಧಿಕ ನಡುವೆ ಹೊಕ್ಕು ಪಂಚಮಿ ಒಂದು ತಿಂಗಳು ಮುಂದೆ ಹೋಯಿತು ಎಂದು ನಿಮ್ಮ ಮಗಳಿಗೆ ಸಿಟ್ಟು. ತವರಿನ ಜೋಕಾಲಿ ಕಣ್ಣ ಮುಂದೆ ಕಟ್ಟಿದೆ.

ಕಾಡಪ್ಪ

*

ಮುನವಳ್ಳಿ
೨೦ ಜುಲೈ ೧೯೨೮

ಕಾಡಪ್ಪನವರಿಗೆ ಶರಣು.

ನಮ್ಮ ಅಂಗಡಿಯ ಶಟ್ಟೆಪ್ಪನ ಕೂಡ ಹರಿವಾಣ ಕಳಿಸಿದ್ದೇನೆ. ಕೆಂಚವ್ವ ಅಕ್ಕಿ ನೆನೆಯಿಟ್ಟ ದಿನದಿಂದ ಯಾರನ್ನೂ ಅಡುಗೆಮನೆಗೆ ಬಿಟ್ಟಿಲ್ಲ. ಗಸಗಸೆ ಹೆಚ್ಚು ಬಿದ್ದಿದೆ ಎಂದು ನಾನು ಅಂದದ್ದಕ್ಕೆ ಒಂದು ಹೊತ್ತು ಮಾತು ಬಿಟ್ಟಿದ್ದಳು. ಅಳಿಯನಿಗೆ ಧೋತರ, ಜರಿ ರುಮಾಲು. ಮಗಳಿಗೆ ಇಳಕಲ್ಲ ಸೀರೆ. ಅವಳಿಗೆ ತಿನ್ನಲು ಬೇರೆಯಾಗಿ ಶೇಂಗಾ ಚಟ್ನಿ, ಹರಿವಾಣದ ಪಕ್ಕದ ಗಂಟಿನಲ್ಲಿದೆ. ಹಿತ್ತಾಳೆಯ ಹರಿವಾಣ ನಮ್ಮ ಅವ್ವನ ಕಾಲದ್ದು. ಅದು ಮಾತ್ರ ತಿರುಗಿ ಬರಬೇಕು.

ಅಗಸೆಯಲ್ಲಿ ಸಾರಿಸುವವನಿಗೆ ಕೊಡುವ ದುಡ್ಡು ಉಳಿಯಿತಲ್ಲ, ಅದರಲ್ಲಿ ಅಡಿಕೆ ಎಲೆ ತಿನ್ನಿರಿ.

ನಿಜಗುಣಪ್ಪ

*

ಬೈಲಹೊಂಗಲ
೨೭ ಜುಲೈ ೧೯೨೮

ತಾಯಿಗೆ ಮಗಳು ರಾಚವ್ವ ಮಾಡುವ ಶರಣಾರ್ಥಿ. ಈ ಕಾಗದ ಅಪ್ಪನ ಕಡೆಯಿಂದ ಓದಿಸಿಕೊಳ್ಳಬೇಕು.

ಅನಾರಸ ಬಂದವು. ಮನೆಮಂದಿ ಬಹಳ ಹೊಗಳಿದರು. ನಾನು ಒಂದೊಂದಾಗಿ ತೆಗೆದು ಡಬ್ಬಿಗೆ ತುಂಬಿದೆ. ಹರಿವಾಣದ ತಳ ಎಷ್ಟು ಹೊಳೆಯುತ್ತದೆ, ಅವ್ವಾ. ಹುಣಸೆಹಣ್ಣು ಹಚ್ಚಿ ತಿಕ್ಕಿದೆಯೇನು? ನನ್ನ ಮುಖ ಕಂಡಿತು.

ನಾನು ಆರಾಮ ಇದ್ದೇನೆ. ಮೈ ಚೆನ್ನಾಗಿದೆ, ಅದಕ್ಕೇ ಈಗ ಸೂಜಿಯನ್ನು ಬೆಳಿಗ್ಗೆ ಒಂದೇ ಸಲ, ಸ್ವಲ್ಪವೇ ಹಾಕಿಸಿಕೊಳ್ಳುತ್ತೇನೆ. ಇವರು ಬೇಡ ಎನ್ನುತ್ತಾರೆ. ನಾನೇ ಸಾಕು ಎಂದಿದ್ದೇನೆ. ಮಳೆಗಾಲದಲ್ಲೂ ಸೆಕೆ. ನೀರಿನ ಕೊಡವನ್ನು ಹಾಸಿಗೆಯ ಹತ್ತಿರವೇ ತಂದಿಟ್ಟುಕೊಂಡಿದ್ದೇನೆ, ಮೇಲಿಂದ ಮೇಲೆ ಏಳುವುದು ತಪ್ಪಿತು. ಅತ್ತೆಯವರು ರೊಟ್ಟಿ ಬಡಿಯಲು ಬಿಡುವುದಿಲ್ಲ. ಕೂತಲ್ಲೇ ನಿದ್ದೆ ಬರುತ್ತದೆ. ಸುಖ ಹೆಚ್ಚಾಗಿದೆ ಎಂದು ತಿಳಿ.

ಪಂಚಮಿಗೆ ಕರೆಯಲು ಅಪ್ಪನೇ ಬರಲಿ. ಜೋಕಾಲಿಯನ್ನು ಹಿತ್ತಲ ಬೇವಿನ ಮರಕ್ಕೇ ಕಟ್ಟಿಸು, ಎತ್ತರದ ಟೊಂಗೆಗೆ. ಬಳೆ ಮತ್ತೆ ಸಡಿಲಾಗಿವೆ. ಅಲ್ಲಿಗೆ ಬಂದ ಮೇಲೆ ಬೇರೆ ಇಡಿಸಿಕೊಳ್ಳುತ್ತೇನೆ.

ಅಪ್ಪ ಈ ಬಗ್ಗೆ ಮಾವನವರಿಗೆ ಏನೂ ಬರೆಯಬಾರದು. ಇಬ್ಬರೂ ನನ್ನ ಸಲುವಾಗಿ ಬಹಳ ಮಾಡಿದ್ದಾರೆ.

ನಿನ್ನ ಮಗಳು
ರಾಚವ್ವ

*

ಬೈಲಹೊಂಗಲ
೪ ಆಗಸ್ಟ್ ೧೯೨೮

ನಿಜಗುಣಪ್ಪನವರಿಗೆ ಶರಣು.

ನಾನು ಹಾಕಿದ ಕರಾರನ್ನು ನಾನೇ ಮುರಿಯುತ್ತಿದ್ದೇನೆ. ಈ ತಿಂಗಳ ಔಷಧದ ಪೆಟ್ಟಿಗೆ ಇನ್ನೂ ಬಂದಿಲ್ಲ. ಹರಿವಾಣದ ಸಂಗಡ ಬರಬಹುದೆಂದು ಕಾದೆ. ಆಮೇಲೆ ಮಳೆಗೆ ಟಪಾಲು ತಡವಾಗಿರಬೇಕು ಎಂದುಕೊಂಡೆ. ನೆನಪು ಮಾಡುವುದು ಹೇಗೆ ಎಂದು ಬರೆಯಲಿಲ್ಲ. ರಾಚವ್ವ ಹಳೆಯ ಬಾಟಲಿಯನ್ನೇ ಹನಿಹನಿಯಾಗಿ ಎಳೆಯುತ್ತಿದ್ದಳೆಂದು ಶಂಕ್ರೆಪ್ಪ ನಿನ್ನೆ ಹೇಳಿದ. ಅದೂ ಈಗ ತೀರಿದೆ. ಇವತ್ತು ವಾಂತಿ ಮಾಡಿಕೊಂಡಳು. ನೀವು ಮನಿಯಾರ್ಡರ್ ಮಾಡಿದ ದಿನ ಯಾವುದು ಎಂದು ತಿಳಿಸಿದರೆ ಇಲ್ಲಿಯ ಟಪಾಲ ಮಾಸ್ತರರನ್ನು ಕೇಳುತ್ತೇನೆ.

ತಪ್ಪು ತಿಳಿಯಬೇಡಿರಿ.

ಕಾಡಪ್ಪ

*

ಮುನವಳ್ಳಿ
೬ ಆಗಸ್ಟ್ ೧೯೨೮

ಕಾಡಪ್ಪನವರಿಗೆ,

ಕಾಗದ ಈಗ ಬಂತು. ಇದನ್ನು ಟಪಾಲಿಗೆ ಹಾಕದೆ ಶಟ್ಟೆಪ್ಪನ ಕೈಯಲ್ಲೇ ಕಳಿಸುತ್ತಿದ್ದೇನೆ. ಆಷಾಢದ ಪೆಟ್ಟಿಗೆ ನನ್ನದಾಗಿತ್ತು. ಅದನ್ನು ಕಳಿಸಿದ್ದೆ. ಅದರ ಮುಂದಿನ ಪಾಳಿ ನಿಮ್ಮದೆಂದು ಕೂತಿದ್ದೆ. ನಾನು ಮನಿಯಾರ್ಡರ್ ಮಾಡಿಯೇ ಇಲ್ಲ.

ಮುಂಬಯಿಗೆ ತಾರು ಕೊಡಲು ಸವದತ್ತಿಗೆ ಆಳು ಓಡಿಸಿದ್ದೇನೆ. ನೀವೂ ಕೊಡಿರಿ. ಅವಳನ್ನು ಇವತ್ತೇ ಧಾರವಾಡಕ್ಕೆ ಒಯ್ಯಿರಿ. ಮೋಟಾರು ಸಿಗದಿದ್ದರೆ ಗಾಡಿ ಕಟ್ಟಿಸಿರಿ. ನಾನು ಅಲ್ಲಿಗೇ ಬರುತ್ತೇನೆ.

ಅವಳು ಬರೆದ ಕಾಗದವನ್ನು ನಾನೇ ಓದಿ ಕೆಂಚವ್ವನಿಗೆ ಹೇಳಿದ್ದೆ. ಕೊಡ ಹಾಸಿಗೆಯ ಹತ್ತಿರ ಬಂದಿದೆ ಎಂದು ಓದಿ, ಬೀಗರು ಮಗಳನ್ನು ಕೂಡಿಸಿ ಸಾಕುತ್ತಿದ್ದಾರೆ ಎಂದು ನಕ್ಕಿದ್ದೆ.

ನಿಜಗುಣಪ್ಪ

*

ಬೈಲಹೊಂಗಲ
೩೦ ಆಗಸ್ಟ್ ೧೯೨೮

ನಿಜಗುಣಪ್ಪನವರಿಗೆ ಶರಣು.

ರಾಚವ್ವನ ಮಣ್ಣಿಗೆ ಬಂದಾಗ ನೀವೂ ಒಂದು ಹಿಡಿ ಹಾಕಿದಿರಿ, ನಾನೂ ಒಂದು ಹಿಡಿ ಹಾಕಿದೆ. ಧಾರವಾಡದಲ್ಲಿ ಡಾಕ್ಟರು ತಮ್ಮಲ್ಲಿ ಇದ್ದಷ್ಟನ್ನೂ ಚುಚ್ಚಿದರು. ತಡವಾಗಿದೆ ಎಂದು ಅವರು ಹೇಳಿದ್ದನ್ನು ನೀವೂ ಕೇಳಿದ್ದೀರಿ. ಅದಕ್ಕೆ ಸೇರಿಸಲು ನನ್ನಲ್ಲಿ ಏನೂ ಇಲ್ಲ.

ಮೂರು ದಿನದ ಕಾರ್ಯ ಮಾಡಿ ನೀವು ಗಾಡಿ ಹತ್ತಿದ ಮೇಲೆ ಟಪಾಲಿನವನು ಬಂದ. ಮುಂಬಯಿಯ ಪೆಟ್ಟಿಗೆಗಳು, ಎರಡು. ಒಂದು ನಿಮ್ಮ ತಾರಿನದು, ಒಂದು ನನ್ನದು. ಸಹಿ ಮಾಡಿ ತೆಗೆದುಕೊಂಡೆ. ಅವನು ಮಳೆಯ ಮಾತು ಆಡಿದ. ನಾನೂ ಆಡಿದೆ.

ನಾನು ಹೇಗೆ ತಿಳಿದಿದ್ದೆ ಎಂಬುದನ್ನು ಬರೆಯುತ್ತೇನೆ. ಸಮಾಧಾನಕ್ಕಲ್ಲ, ನಿಮಗೆ ಗೊತ್ತಿರಲಿ ಎಂದು. ಅಧಿಕ ಮಾಸದಲ್ಲಿ ಕೊಡುವುದೆಲ್ಲ ಹೆಣ್ಣಿನ ಮನೆಯವರದು. ನಮ್ಮಪ್ಪ ಹಾಗೆ ಇಸಿದುಕೊಂಡಿದ್ದ. ನಾನೂ ನನ್ನ ಬೀಗರಿಂದ ಹಾಗೆಯೇ ಇಸಿದುಕೊಳ್ಳಬೇಕೆಂದಿದ್ದೆ. ಮಾಘ, ಚೈತ್ರ, ಜ್ಯೇಷ್ಠ ನನ್ನವು, ಶ್ರಾವಣವೂ ನನ್ನದೇ. ನಡುವಿನ ಹೆಚ್ಚಿನ ತಿಂಗಳು ಲೆಕ್ಕದಲ್ಲಿಲ್ಲ, ಹರಿವಾಣ ಹೇಗೆ ಬರುವುದೋ ಪೆಟ್ಟಿಗೆಯೂ ಹಾಗೆ ಬರುತ್ತದೆ ಎಂದುಕೊಂಡೆ. ಶಂಕ್ರೆಪ್ಪ ಅಮಾವಾಸ್ಯೆಯಂದೇ ಕೇಳಿದ್ದ. “ಅಧಿಕ ಅವರದಲ್ಲೋ, ಹರಿವಾಣದ ಜೋಡಿ ಬರತೈತಿ ತಗೋ,” ಎಂದೆ. ಅವನು ತಿರುಗಿ ಕೇಳಲಿಲ್ಲ. ನಮ್ಮ ಮನೆಯಲ್ಲಿ ತಿರುಗಿ ಕೇಳುವ ಪದ್ಧತಿಯನ್ನು ನಾನೇ ಇಟ್ಟಿಲ್ಲ. ಈಗ ಬೆಳಿಗ್ಗೆ ಸಂಜೆ ಪಿಚಕಾರಿ ಕುದಿಸಿ ಒರೆಸಿ ಇಡುತ್ತಾನೆ. ಯಾಕೆಂದು ನಾನೂ ಕೇಳುವುದಿಲ್ಲ.

ರಾಯವ್ವ ನಿನ್ನೆ ಒಂದು ಮಾತು ಹೇಳಿದಳು. ಹರಿವಾಣ ಬಂದ ದಿನ ರಾಚವ್ವ ಅನಾರಸಗಳನ್ನೆಲ್ಲ ಡಬ್ಬಿಗೆ ತುಂಬಿದ ಮೇಲೆ ಕೆಳಗೆ ಹಾಸಿದ್ದ ಅರಿವೆಯನ್ನು ಎತ್ತಿ ಕೈಯಾಡಿಸಿ ನೋಡಿದಳಂತೆ. ಧೋತರದ ಮಡಿಕೆ ಬಿಚ್ಚಿದಳಂತೆ. ಚಟ್ನಿಯ ಗಂಟನ್ನೂ ಬಿಚ್ಚಿ ಕಟ್ಟಿದಳಂತೆ. “ಏನ್ ಹುಡುಕತೀ?” ಎಂದು ರಾಯವ್ವ ಕೇಳಿದ್ದಕ್ಕೆ “ಏನಿಲ್ಲರಿ ಅತ್ತೀ, ಎಷ್ಟ ಚಂದ ತುಂಬ್ಯಾಳ ನಮ್ಮವ್ವ,” ಅಂದಳಂತೆ.

ಆಮೇಲೆ ನಾನು ಬೆರಳು ಮಡಿಸಿ ಎಣಿಸಿದೆ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಎಂದು ಬರೆದವನು ನಾನು. ಆಷಾಢದ ಅಮಾವಾಸ್ಯೆ ಕಳೆದದ್ದೇ ಪಾಳಿ ನನ್ನದು. ಬೇರೆ ಹೇಗೆ ಎಣಿಸಿದರೂ ಅದೇ ಬರುತ್ತದೆ. ನಿಮ್ಮ ಕಡೆ ಯಾರಾದರೂ ಕೇಳಿದರೆ ಹಾಗೆಯೇ ಹೇಳಿರಿ.

ಹರಿವಾಣ ತಿರುಗಿ ಬರಬೇಕು ಎಂದಿದ್ದಿರಿ. ತಿಕ್ಕಿಸಿ ಕಳಿಸುತ್ತಿದ್ದೇನೆ. ಬೀಗರ ಪಾತ್ರೆಯನ್ನು ಬರಿದಾಗಿ ಕಳಿಸಬಾರದು ಎಂದು ರಾಯವ್ವ ತಡೆದಳು. ಮನೆಯಲ್ಲಿ ಏನು ನೋಡಿದರೂ ಇಡುವಂಥದ್ದು ಅನ್ನಿಸಲಿಲ್ಲ. ನಿಮ್ಮ ದುಡ್ಡಿನ ಪೆಟ್ಟಿಗೆಯನ್ನೇ ಇಟ್ಟಿದ್ದೇವೆ. ಬೇರೆ ಅರ್ಥ ಮಾಡಬೇಡಿರಿ.

ಕಾಡಪ್ಪ

*

ಮುನವಳ್ಳಿ
೧೫ ಸೆಪ್ಟೆಂಬರ್ ೧೯೨೮

ಕಾಡಾ,

‘ನೀವು’ ಎಂದು ಬರೆಯಲು ಕೂತೆ, ಆಗಲಿಲ್ಲ. ಇನ್ನು ನಮ್ಮ ನಡುವೆ ಬೀಗತನ ಯಾವುದು? ಹಳೆಯದೇ ಇರಲಿ.

ಹರಿವಾಣ ಮುಟ್ಟಿತು. ಕೆಂಚವ್ವ ಮುಚ್ಚಿದ ಅರಿವೆ ಎತ್ತಿ ಒಳಗೆ ನೋಡಿದಳು, ಮತ್ತೆ ಮುಚ್ಚಿದಳು. ಸಂಜೆ ಒಂದು ಗಡಿಗೆಗೆ ಉಸುಕು ತುಂಬಿ, ನೀರು ಹಾಕಿ, ಪೆಟ್ಟಿಗೆಯ ಬಾಟಲಿಗಳನ್ನು ಅದರಲ್ಲಿ ಹೂತಿಟ್ಟಳು. ಈಗ ದಿನಾ ಬೆಳಿಗ್ಗೆ ಎದ್ದು ಉಸುಕು ಒಣಗದಂತೆ ನೀರು ಚಿಮುಕಿಸುತ್ತಾಳೆ. ಧಾರವಾಡದ ಆಸ್ಪತ್ರೆಗೆ ಕೊಟ್ಟು ಬರುತ್ತೇನೆ, ಇನ್ನೊಬ್ಬರ ಮಕ್ಕಳಿಗಾದರೂ ಆದೀತು ಎಂದೆ. ಹೂಂ ಎಂದಳು. ಮರುದಿನವೂ ನೀರು ಹಾಕಿದಳು. ಬರುವ ಸೋಮವಾರ ಒಯ್ಯಬೇಕೆಂದಿದ್ದೇನೆ. ಹೋದ ಸೋಮವಾರವೂ ಹಾಗೇ ಅಂದುಕೊಂಡಿದ್ದೆ.

ಪಂಚಮಿ ಬಂದು ಹೋಯಿತು. ಜೋಕಾಲಿಯ ಹಗ್ಗ ಮೊದಲೇ ತಂದಿದ್ದೆ. ಅದು ಅಂಗಡಿಯಲ್ಲಿ ಬೆಲ್ಲದ ಪೆಂಟೆಗಳ ಮೇಲೆ ಬಿದ್ದಿದೆ. ಗಿರಾಕಿಯೊಬ್ಬ ಅದರ ಬೆಲೆ ಕೇಳಿದ. ಹೇಳಿದೆ. ಹೆಚ್ಚಾಯಿತು ಎಂದು ಬಿಟ್ಟು ಹೋದ. ನಾನು ಉಣ್ಣುತ್ತೇನೆ, ನಿದ್ದೆ ಮಾಡುತ್ತೇನೆ, ತಕ್ಕಡಿ ಹಿಡಿಯುತ್ತೇನೆ. ಇದೆಲ್ಲ ಹೇಗೆ ಆಗುತ್ತಿದೆ ಎಂದು ಕೇಳಬೇಡ, ನನಗೂ ತಿಳಿಯದು.

ನಿನ್ನೆ ಅಮಾವಾಸ್ಯೆ. ರೊಟ್ಟಿ ಬಡಿಯುತ್ತಿದ್ದ ಕೆಂಚವ್ವ ಹೆಂಚಿನ ಮೇಲಿನ ಕಣ್ಣು ಎತ್ತದೆ ಕೇಳಿದಳು, “ಅಧಿಕ ಯಾರ ಪಾಳಿ ಇತ್ತು?” ಎಂದು. ಇಷ್ಟು ದಿನ ಕೇಳಿರಲಿಲ್ಲ. ನಿನ್ನ ಕಾಗದ ನನ್ನ ಅಂಗಿಯ ಕಿಸೆಯಲ್ಲೇ ಇತ್ತು. “ನಂದು,” ಎಂದೆ. ಅವಳು ರೊಟ್ಟಿ ತಿರುವಿ ಹಾಕಿದಳು. ಸ್ವಲ್ಪ ಹೊತ್ತಿನ ಮೇಲೆ ತಾಟು ತಂದು ಮುಂದೆ ಇಟ್ಟಳು. ಉಂಡೆ.

ನಿನ್ನ ಎಣಿಕೆ ಸರಿ ಅದ ಅಂತ ನನಗೂ ಗೊತ್ತೈತಿ, ಕಾಡಾ. ನಾನೂ ಬೆರಳು ಮಡಿಚಿ ನೋಡೇನಿ. ಆದರ ಹೆಣ್ಣು ನಂದು. ಕೊಡಾ ಹಾಸಿಗಿ ಹತ್ರ ಬಂತು ಅಂತ ಓದಿ ನಕ್ಕಾವ ನಾನು. ನಿನಗ ಮಗ ಅದಾನ, ಅವನ್ನ ನೋಡ್ಕೊ, ಆ ಪಿಚಕಾರಿ ಅವನ ಕೈಯಾಗಿಂದ ಇಸಿದಿಡು. ಆ ತಿಂಗಳು ನಂದು. ಅದನ್ನ ನನಗ ಬಿಡು.

ನಿನ್ನ
ನಿಜಗುಣಿ